ಬಣ್ಣಗಾರನ ಹನ್ನೊಂದು ತತ್ತಿ

ಆತನ ಬಲಗೈ ನೋಡಿದರೆ ಸಾಕು, ಆ ವಾರ ರಬಕವಿಯ ಮಗ್ಗಗಳ ಮೇಲೆ ಯಾವ ಸೀರೆ ಏರುತ್ತದೆ ಎಂದು ಹೇಳಬಹುದಿತ್ತು. ಮೊಣಕೈವರೆಗೆ ಕೆಂಪಾಗಿದ್ದರೆ ಮದುವೆಯ ಹಂಗಾಮು. ಗಿಣಿಹಸಿರಾಗಿದ್ದರೆ ಎಲ್ಲೋ ಯಾರದೋ ಬಸುರಿ ಮಗಳ ಕುಬಸ, ಸೀಮಂತ. ಕಪ್ಪು ಬಣ್ಣ ಅದ್ದಿದ ದಿನ ಮಾತ್ರ ನನ್ನ ಸೈಕಲ್ ಅಂಗಡಿಯ ಮುಂದೆ ಬಂದು ನಿಂತು, ಆ ಕೈಯನ್ನು ನನ್ನ ಗ್ರೀಸ್ ಮೆತ್ತಿದ ಕೈಯ ಪಕ್ಕದಲ್ಲಿಟ್ಟು, "ಇವತ್ತ ಇಬ್ಬರದೂ ಒಂದಾ ಆತ ನೋಡಲೇ" ಅನ್ನುತ್ತಿದ್ದ. ನಗುತ್ತಿರಲಿಲ್ಲ. ಆತ ನಕ್ಕಿದ್ದನ್ನು ನಾನು ನೋಡಿಯೇ ಇಲ್ಲ. ಈ ಬರಹಕ್ಕೆಲ್ಲ ಆ ಒಂದು ಸಂಗತಿಯೇ ಕಾರಣ ಅಂದರೂ ನಡೆದೀತು.

ಹೆಸರು ಬರೆಯುವುದಿಲ್ಲ. ನಲವತ್ತು ವರ್ಷ ನೂಲಿಗೆ ಬಣ್ಣ ಹಾಕಿದರೂ ಬಾಗಿಲ ಮೇಲೆ ಒಂದು ಬೋರ್ಡು ಬರೆಸದ ಮನುಷ್ಯ ಆತ. ಹೋದ ಸಂಕ್ರಾಂತಿಗೆ ಎರಡು ದಿನ ಮೊದಲು ತೀರಿಕೊಂಡ. ಈಗ ನಾನು ಹೆಸರು ಹಾಕಿದರೆ ಮೇಲಿನಿಂದಲೇ, "ನಿನಗ ಬ್ಯಾರೆ ಉದ್ಯೋಗ ಇಲ್ಲೇನ?" ಎಂದು ಕೇಳುತ್ತಾನೆ.

ನನ್ನ ಹೆಸರೂ ಬೇಡ. ಈ ಭಾಗದಲ್ಲಿ ಹೆಸರು ಹೇಳದೆಯೇ ನಾನು ಗೊತ್ತಾಗುತ್ತೇನೆ. ಜಮಖಂಡಿಯ ವಕೀಲರೊಬ್ಬರ ಸೈಕಲ್ಲಿನ ಗಂಟೆಯನ್ನು ಎಮ್ಮೆಯ ಕೊರಳಿಗೂ ಎಮ್ಮೆಯ ಗಂಟೆಯನ್ನು ಅವರ ಸೈಕಲ್ಲಿಗೂ ಕಟ್ಟಿ ಕಳಿಸಿದವನು ನಾನೇ. ತೇರದಾಳದ ಬಸ್ಸಿನ ಕಂಡಕ್ಟರನ ಸೀಟಿಯೊಳಗೆ ಪುಟಾಣಿ ಕಾಳು ತುರುಕಿ ಮೂರು ಸ್ಟಾಪು ಬಸ್ಸು ನಿಲ್ಲದ ಹಾಗೆ ಮಾಡಿದವನೂ ನಾನೇ. ಮುಧೋಳದ ನಮ್ಮ ಬೀಗರಿಗೆ ಅವರದೇ ಬೇಟೆನಾಯಿಯನ್ನು ಬೇರೆ ಬಣ್ಣ ಬಳಿದು ಕರೆದುಕೊಂಡು ಹೋಗಿ ತೋರಿಸಿದ್ದೆ. ಹಲ್ಲು ನೋಡಿದರು, ಪಕ್ಕೆ ಮುಟ್ಟಿದರು, ಕೊನೆಗೆ, "ಜಾತಿ ಛಲೋ ಐತಿ, ಆದ್ರ ನಮ್ಮ ನಾಯಿ ಮುಂದ ಏನೂ ಅಲ್ಲ ಬಿಡ್ರಿ" ಎಂದರು. ಆ ಬಣ್ಣವನ್ನು ಕದ್ದದ್ದು ಇದೇ ಬಣ್ಣಗಾರನ ಹಂಡೆಯಿಂದ. ಮರುದಿನ ಆತ ನನ್ನ ಉಗುರು ನೋಡಿ, "ನಾಯಿಗೆ ಎರಡ ಸಲ ಅದ್ದಬೇಕಿತ್ತು. ರೋಮ ಲಗೂನ ಬಣ್ಣ ಹಿಡಿಯೂದಿಲ್ಲ" ಎಂದ. ಅಷ್ಟೇ.

ಊರೆಲ್ಲ ಬಲೆಗೆ ಬಿದ್ದರೂ ಆತ ಬೀಳಲಿಲ್ಲ. ಒಮ್ಮೆ ಗಂಟು ಬದಲಿಸಿ ನೋಡಿದೆ. ಬಣ್ಣದವರಲ್ಲಿ ಒಂದು ಪದ್ಧತಿಯಿದೆ. ಹತ್ತು ನೇಕಾರರ ನೂಲಿನ ಲಡಿ ಒಂದೇ ಹಂಡೆಗೆ ಬೀಳುತ್ತವೆ. ಮೇಲೆ ಬಂದಾಗ ಎಲ್ಲ ಒಂದೇ ಬಣ್ಣ. ಯಾರದು ಯಾವುದು ಎಂದು ತಿಳಿಯಲು ಮೊದಲೇ ಪ್ರತಿ ಲಡಿಗೂ ಒಂದು ದಾರದ ಗಂಟು ಹಾಕಿರುತ್ತಾರೆ. ಒಬ್ಬರಿಗೆ ಒಂಟಿ ಗಂಟು, ಒಬ್ಬರಿಗೆ ಜೋಡಿ ಗಂಟು, ಇನ್ನೊಬ್ಬರಿಗೆ ಬಾಲ ಬಿಟ್ಟ ಗಂಟು. ಆತ ಊಟಕ್ಕೆ ಹೋದಾಗ ನಾಲ್ಕು ಲಡಿಗಳ ಗಂಟು ಅದಲು ಬದಲು ಮಾಡಿದೆ. ಬಂದ, ಕಣ್ಣು ಮುಚ್ಚಿ ಬೆರಳಾಡಿಸಿದ, ನಾಲ್ಕನ್ನೂ ಬಿಚ್ಚಿ ಸರಿಯಾಗಿ ಕಟ್ಟಿದ.

"ಹೆಂಗ ಗೊತ್ತಾತೋ?"

"ನನ್ನ ಗಂಟ ನಾ ಹಿಂಗ ಬಿಗಿಯೂದಿಲ್ಲ. ಇದು ಪಂಕ್ಚರ್ ತಗಿಯಾಂವನ ಬಿಗಿತ."

"ಹಂಗಾದ್ರ ನಂದೊಂದು ಗಂಟ ಹಾಕು. ನನಗ್ಯಾವುದು?"

ಸ್ವಲ್ಪ ಹೊತ್ತು ಯೋಚಿಸಿ ಒಂದು ದಾರ ತೆಗೆದು ಕಟ್ಟಿದ. ಕಾಣಲು ಬಲು ಬಿಗಿಯಾದ, ಸೊಕ್ಕಿನ ಗಂಟು. ತುದಿ ಹಿಡಿದು ಎಳೆದೆ, ಸರ್ರನೆ ಬಿಚ್ಚಿಕೊಂಡಿತು. "ಇದಾ ನಿಂದು" ಎಂದ. ನಾನು ಅದನ್ನು ಹೊಗಳಿಕೆ ಎಂದು ತಿಳಿದು ಊರೆಲ್ಲ ಹೇಳಿಕೊಂಡು ಬಂದೆ. ಈಗ ಅಷ್ಟು ಖಾತ್ರಿಯಿಲ್ಲ.

ಆತನ ಬಾಯಲ್ಲಿ ಸದಾ ಒಂದೇ ಮಾತು: "ಒಣಗಲಿ ತಡಿ." ಹಸಿ ನೂಲು ಕಣ್ಣಿಗೆ ಮೋಸ ಮಾಡುತ್ತದೆ, ಇದ್ದದ್ದಕ್ಕಿಂತ ಗಾಢ ಕಾಣುತ್ತದೆ. ಗಿರಾಕಿ ಅವಸರ ಮಾಡಿದರೆ, "ಒಣಗಲಿ ತಡಿ, ಆಮ್ಯಾಲ ಬಯ್ಯಿ." ಈ ಮಾತನ್ನು ಆತ ನೂಲಿಗೆ ಮಾತ್ರ ಇಟ್ಟಿರಲಿಲ್ಲ. ಹೆಣ್ಣು ನೋಡಿ ಬಂದವರಿಗೂ ಅದೇ, ಎಲೆಕ್ಷನ್ ಗೆದ್ದವರಿಗೂ ಅದೇ.

ಇನ್ನು ತತ್ತಿಯ ವಿಷಯ.

ಹೋದ ವರ್ಷಕ್ಕೂ ಹಿಂದಿನ ವರ್ಷದ ದಸರೆ ಕಳೆದ ಮೇಲೆ, ಹಿಪ್ಪರಗಿಯ ಕಡೆ ಆತನ ಹೆಂಡತಿಯ ತಮ್ಮ ನದಿಗೆ ಹತ್ತಿದ ಹೊಲದಲ್ಲಿ ಕಬ್ಬು ಹಚ್ಚಲು ಸಾಲು ಬಿಡಿಸುತ್ತಿದ್ದ. ಟ್ರ್ಯಾಕ್ಟರಿನ ಕುಂಟೆಗೆ ಬದುವಿನ ಮಣ್ಣು ಹರಿದು ಆಮೆಯ ತತ್ತಿ ಕಂಡವು. ದುಂಡಗೆ, ಬೆಳ್ಳಗೆ, ದೊಡ್ಡ ಗೋಲಿಯಷ್ಟು. ಹನ್ನೊಂದು. ಆ ದಿನ ಆತ ಅಲ್ಲಿಗೆ ಯಾವುದೋ ಕೆಲಸಕ್ಕೆ ಹೋಗಿದ್ದ. ಟ್ರ್ಯಾಕ್ಟರ್ ನಿಲ್ಲಿಸಿ, ಅಲ್ಲಿಂದಲೇ ಗುರುತಿನ ಫಾರೆಸ್ಟ್ ಗಾರ್ಡಿಗೆ ಫೋನು ಮಾಡಿದ. ಅವನು ಏನೇನು ಹೇಳಿದನೋ, ಆತ ಎಲ್ಲ ತತ್ತಿಯನ್ನೂ ಮಣ್ಣು ಸಮೇತ ಒಂದು ಬುಟ್ಟಿಯಲ್ಲಿಟ್ಟುಕೊಂಡು, ಅದನ್ನು ತೊಡೆಯ ಮೇಲೆ ಹಿಡಿದು, ಹೆಂಡತಿಯ ತಮ್ಮನ ಬೈಕಿನ ಹಿಂದೆ ಕೂತು ಬಂದ. ಹಿತ್ತಲಲ್ಲಿ ಅಗಲ ಬಾಯಿಯ ಒಂದು ಮಣ್ಣಿನ ಮಡಕೆಗೆ ಮರಳು ತುಂಬಿ, ಅದರಲ್ಲಿ ತತ್ತಿ ಹೂತು, ಮೇಲೆ ಬಿದಿರಿನ ಜಾಳಿಗೆ ಮುಚ್ಚಿದ.

ಮಾರನೆಯ ಮಧ್ಯಾಹ್ನ ಆತ ನೂಲು ಜಾಲಿಸಲು ನದಿಗೆ ಹೋದಾಗ ನಾನು ಹಿತ್ತಲಿಗೆ ನುಗ್ಗಿದೆ. ನೋಡದೆ ಇರಲು ನಾನೇನು ಸನ್ಯಾಸಿಯೇ? ಜಾಳಿಗೆ ಎತ್ತಿ ಮರಳು ಸರಿಸಿದೆ. ಪ್ರತಿ ತತ್ತಿಯ ನೆತ್ತಿಯ ಮೇಲೂ ಒಂದು ಕೆಂಪು ಬೊಟ್ಟು. ಆ ವಾರ ಆತನ ಕೈ ಕೆಂಪಿತ್ತು.

ನನಗೆ ನಗು ತಡೆಯಲಾಗಲಿಲ್ಲ. ಆಮೆಯ ತತ್ತಿಗೆ ಕುಂಕುಮ ಹಚ್ಚಿ ಪೂಜೆ! ಹೊಸ ಮಗ್ಗಕ್ಕೆ ಹಚ್ಚುತ್ತೇವೆ, ಹೊಸ ಗಾಡಿಗೆ ಹಚ್ಚುತ್ತೇವೆ, ತತ್ತಿಗೂ ಹಚ್ಚಿದ್ದಾನೆ ಎಂದು ಧಾರಾಳವಾಗಿ ನಂಬಿದೆ. ಒಂದೊಂದನ್ನೇ ಎತ್ತಿ ಬೊಟ್ಟು ಕೆಳಗಾಗುವಂತೆ ಹೊರಳಿಸತೊಡಗಿದೆ. ಸಂಜೆ ಆತ ನೋಡಿ ಕುಂಕುಮ ಎಲ್ಲಿ ಹೋಯಿತು ಎಂದು ಗಾಬರಿಯಾಗಬೇಕು, ಆಗ ನಾನು "ನಿನ್ನ ಪೂಜಿ ದೇವರಿಗೆ ಮುಟ್ಟಲಿಲ್ಲೋ" ಅನ್ನಬೇಕು. ಆರು ಹೊರಳಿಸಿದ್ದೆ. ಅಷ್ಟರಲ್ಲಿ ಒಳಗೆ ವೈನಿ ಕೆಮ್ಮಿದ ಸಪ್ಪಳವಾಯಿತು. ಆತನ ಹೆಂಡತಿಯನ್ನು ನಾನು ವೈನಿ ಎಂದೇ ಕರೆಯುವುದು. ಮರಳು ಎಳೆದು, ಜಾಳಿಗೆ ಮುಚ್ಚಿ, ಅಂಗಡಿಗೆ ಓಡಿ ಬಂದೆ.

ಒಂದು ತಾಸಿನ ಮೇಲೆ ಆತ ಬಂದು, "ಬಾರಲೇ, ಚಾ ಕುಡ್ಯೂಣು" ಎಂದ. ನನಗೆ ಒಳಗೊಳಗೇ ಹಿಗ್ಗು. ಆತ ತಾನಾಗಿ ಎಂದೂ ಚಹಕ್ಕೆ ಕರೆದವನಲ್ಲ, ನಾನು ಕರೆದರೆ ಬರುವವನು. ಮೂಲೆಯ ಚಾದಂಗಡಿಯಲ್ಲಿ ಬೆಂಚಿನ ಮೇಲೆ ಕೂತೆವು.

"ತತ್ತಿ ಮ್ಯಾಲ ಕೆಂಪು ಬೊಟ್ಟ ಯಾಕ ಇಟ್ಟೇನಿ ಗೊತ್ತೈತೇನ?" ಎಂದು ತಾನಾಗಿಯೇ ಕೇಳಿದ.

"ಪೂಜಿ ಮಾಡಿರಬೇಕು" ಎಂದು ತುಟಿ ಕಚ್ಚಿಕೊಂಡೆ.

"ಪೂಜಿ ಅಲ್ಲೋ. ಆಮಿ ತತ್ತಿ ಕೋಳಿ ತತ್ತಿ ಹಂಗ ಅಲ್ಲ. ಮಣ್ಣಾಗ ಹೆಂಗ ಇತ್ತೋ ಹಂಗಾ ಇಡಬೇಕ. ಮ್ಯಾಲಿನ ಮಾರಿ ಮ್ಯಾಲಾ. ಹೊರಳಿಸಿದ್ರ ಒಳಗಿನ ಮರಿ ಸಾಯತೈತಿ ಅಂತ. ಗಾರ್ಡ ಹೇಳಿದ. ಅದಕ್ಕ ಅಲ್ಲೇ ಹೊಲದಾಗ ಕೈಯಾಗಿನ ಬಣ್ಣಾನ ತೋಯಿಸಿ ಬೆರಳಿಲೆ ಒಂದೊಂದು ಬೊಟ್ಟ ಇಟ್ಟೆ, ನೆತ್ತಿ ಯಾವುದು ಅಂತ ಮರಿಬಾರದಲ್ಲ."

ನಾನು ಕಪ್ಪನ್ನು ಬೆಂಚಿನ ಮೇಲೆ ಇಟ್ಟುಬಿಟ್ಟೆ. ಆತ ಬಸಿಯಲ್ಲಿ ಚಹಾ ಸುರಿದುಕೊಂಡು ಸೊರ್ ಎಂದು ಕುಡಿದ. "ಯಾಕೋ, ಸಕ್ಕರಿ ಕಡಿಮಿ ಆತೇನ?"

"ಇಲ್ಲ, ಛಲೋ ಐತಿ."

"ಮರಿ ಹೊರಗ ಬರಾಕ ಮುಂದಿನ ಮಳಿಗಾಲದ ತನಕ ದಾರಿ ನೋಡಬೇಕಂತ. ಎಂಟು ಒಂಬತ್ತು ತಿಂಗಳ. ನಡುವ ಕೆದರಬಾರದು."

ಒಂಬತ್ತು ತಿಂಗಳು! ಹೇಳಿಬಿಡಬೇಕಿತ್ತು. ಎದುರಿಗೇ ಇದ್ದ, ಚಹದ ಕಪ್ಪೂ ಬಸಿಯೂ ಇದ್ದವು, ಬೆಂಚು ಇತ್ತು. ಐವತ್ತು ವರ್ಷ ಸುಳ್ಳು ಹೇಳಿ ಪಳಗಿದ ಬಾಯಿ ಒಂದು ಖರೆ ಮಾತಿಗೆ ಏಳಲಿಲ್ಲ. ಅದೇ ಸಂಜೆ ಹೊರಳಿಸಿದ್ದನ್ನು ತಿರುಗಿ ಹೊರಳಿಸಲು ಹಿತ್ತಲಿಗೆ ಹೋದೆ. ವೈನಿ ಮಡಕೆಯ ಪಕ್ಕದಲ್ಲೇ ಅಕ್ಕಿ ಆರಿಸುತ್ತ ಕೂತಿದ್ದರು. ಮಾರನೆಯ ದಿನವೂ ಕೂತಿದ್ದರು. ಮೂರನೆಯ ದಿನಕ್ಕೆ ನನಗೇ ಗೊಂದಲ. ಒಮ್ಮೆ ಹೊರಳಿಸಿದರೆ ಸಾಯುವುದಾದರೆ ಎರಡನೆಯ ಸಲ ಹೊರಳಿಸಿದರೆ ಏನಾಗುತ್ತದೆ? ಸತ್ತದ್ದು ಬದುಕುತ್ತದೆಯೇ, ಬದುಕಿದ್ದರೆ ಅದೂ ಸಾಯುತ್ತದೆಯೇ? ಯಾರನ್ನು ಕೇಳುವುದು? ನನ್ನ ಅಂಗಡಿಗೆ ಬರುವವರಿಗೆ ಟ್ಯೂಬಿನ ಬಗ್ಗೆ ಗೊತ್ತು, ಆಮೆಯ ಬಗ್ಗೆ ಗೊತ್ತಿಲ್ಲ.

ಹೀಗೆ ಚಳಿಗಾಲ ಕಳೆಯಿತು. ಆತ ಬಣ್ಣದ ಕೆಲಸ ನಿಲ್ಲಿಸಿದ. ನೂಲು ಹೊರಗಿನಿಂದ ಬಣ್ಣವಾಗಿಯೇ ಬರತೊಡಗಿತ್ತು, ಆತನ ಉಸಿರೂ ಹಂಡೆಯ ಹಬೆ ತಡೆಯುತ್ತಿರಲಿಲ್ಲ. ಕೈ ಖಾಲಿಯಾದ ಮೇಲೆ ಬೇಸಗೆಯಲ್ಲಿ ದಿನಾ ಮುಂಜಾನೆ ನನ್ನ ಮೊಪೆಡ್ಡಿನ ಹಿಂದೆ ಕೂತು ನದಿಗೆ ಹೊರಡುತ್ತಿದ್ದ. ಮರಿ ಬಿಡಲು ಒಳ್ಳೆಯ ಜಾಗ ಹುಡುಕಬೇಕಂತೆ. ನನ್ನನ್ನೇ ಯಾಕೆ ಕರೆಯುತ್ತಾನೆ ಎಂದು ಆಗ ಕೇಳಿಕೊಳ್ಳಲಿಲ್ಲ. ಬೇರೆ ಯಾರ ಬಳಿ ಮೊಪೆಡ್ ಇರಲಿಲ್ಲವೇ?

ಬೇಸಗೆಯ ಕೃಷ್ಣೆ ಮೈ ಬಿಟ್ಟು ಮಲಗಿರುತ್ತಾಳೆ. ಹಿಪ್ಪರಗಿ ಅಣೆಕಟ್ಟಿನ ಮೇಲುಭಾಗದಲ್ಲಿ ನೀರು ನಿಂತಿರುತ್ತದೆ, ದಂಡೆ ಹಿಂದೆ ಸರಿದು ಕೆಸರು ಬಿರಿದಿರುತ್ತದೆ. ಆತನಿಗೆ ಹಕ್ಕಿಗಳ ಹೆಸರು ಒಂದೂ ಗೊತ್ತಿರಲಿಲ್ಲ. ಎಲ್ಲವನ್ನೂ ಸೀರೆಯ ಲೆಕ್ಕದಲ್ಲಿ ಹೇಳುತ್ತಿದ್ದ. ಮಿಂಚುಳ್ಳಿಯ ನೀಲಿ ಕಂಡರೆ, "ಅಗಾ, ಆನಂದ ಬಣ್ಣದ್ದು ಬಂತು. ಈ ಬಣ್ಣ ನನ್ನ ಕೈಯಾಗ ಒಮ್ಮೆರೆ ಬಂದಿಲ್ಲಪಾ." ಬೆಳ್ಳಕ್ಕಿಯೆಂದರೆ "ಬಣ್ಣಕ್ಕ ಬರೂಕಿಂತ ಮೊದಲಿನ ನೂಲು." ಕಬ್ಬಿನ ಬದುವಿನಿಂದ ಮುಂಗುಸಿ ಹಾದು ಹೋದರೆ "ಬಣ್ಣ ಹತ್ತಿಲ್ಲದ್ದು, ಮೂರು ನೂಲು ಕೂಡಿ ಹೋಗ್ಯಾವ." ಒಂದು ಉಡ ಬಂಡೆಯ ಮೇಲೆ ಬಿಸಿಲಿಗೆ ಕೂತಿದ್ದನ್ನು ಅರ್ಧ ತಾಸು ನೋಡಿ, "ಇದು ತತ್ತಿ ತಿಂತೈತಿ, ಇಲ್ಲಿ ಬ್ಯಾಡ" ಎಂದು ಎದ್ದ. ಮೊಸಳೆ ಇದ್ದ ಮಡುವನ್ನೂ ಬಿಟ್ಟ. ಜಾಗ ಗೊತ್ತಾಗಲು ಇಪ್ಪತ್ತು ದಿನ ಬೇಕಾಯಿತು. ಕೊನೆಗೆ ಜೊಂಡು ಬೆಳೆದ, ಮೀನುಗಾರರ ಬಲೆ ಬೀಳದ ಒಂದು ಮೂಲೆ ಸಿಕ್ಕಿತು.

ಅಲ್ಲಿ ಒಂದು ಟಿಟ್ಟಿಭ ಹಕ್ಕಿ ಬರಿ ನೆಲದ ಮೇಲೆ ಮರಿ ಮಾಡಿತ್ತು. ಕಾಫಿ ಬಣ್ಣದ ಮೈ, ಬಿಳಿ ದಡಿ, ಕರಿ ಸೆರಗು, ಇದು ಆತನ ವರ್ಣನೆ. ನಾವು ಹತ್ತಿರ ಹೋದೊಡನೆ ಅದು ರೆಕ್ಕೆ ಮುರಿದಂತೆ ಎಳೆದಾಡುತ್ತ ನಮ್ಮನ್ನು ಮರಿಯಿಂದ ಆಚೆಗೆ ಕರೆದೊಯ್ದಿತು. ದೂರ ಹೋದ ಮೇಲೆ ಪಟ್ಟನೆ ಹಾರಿ ಕಿರುಚಿ ಬೈದಿತು. ನನಗೆ ಬಹಳ ಖುಷಿಯಾಯಿತು.

"ನೋಡೋ, ಇದು ನಮ್ಮ ಪೈಕಿ! ಎಂಥಾ ನಾಟಕ ಮಾಡತೈತಿ!"

ಆತ ಹಕ್ಕಿಯನ್ನೇ ನೋಡುತ್ತ ಕೇಳಿದ: "ಅದು ಮರಿ ಉಳಿಸಾಕ ಸುಳ್ಳ ಹೇಳತೈತಿ. ನೀ ಯಾತಕ್ಕ ಹೇಳ್ತೀ?"

ನಾನು ಮೊಪೆಡ್ಡಿಗೆ ಕಿಕ್ ಹೊಡೆದೆ.

ಈ ತತ್ತಿಯ ಉಸಾಬರಿ ನಿನಗೆ ಯಾಕೆ ಎಂದು ಆತನನ್ನು ಮೂರು ಸಲ ಕೇಳಿದ್ದೇನೆ. ಒಮ್ಮೆ, "ನಲವತ್ತ ವರ್ಷ ನದೀಗೆ ಬಣ್ಣದ ನೀರ ಬಿಟ್ಟೇನಿ, ಈಗರೆ ಒಂದೀಟ ಛಲೋದ್ದು ಬಿಡೂಣು" ಎಂದ. ಇನ್ನೊಮ್ಮೆ, "ಹೆಂಡರ ತಮ್ಮನ ಮುಂದ ಟ್ರ್ಯಾಕ್ಟರ್ ನಿಲ್ಲಿಸಿಬಿಟ್ಟೆ, ಈಗ ಬಿಟ್ರ ಮರ್ಯಾದಿ ಹೋಗತೈತಿ" ಎಂದ. ಮೂರನೆಯ ಸಲ, "ಮರಿ ಯಾವ ಬಣ್ಣದ್ದು ಇರ್ತೈತಿ ನೋಡೂದೈತಿ" ಎಂದ. ಯಾವುದು ಖರೆ, ನನಗೆ ಇವತ್ತಿಗೂ ತಿಳಿದಿಲ್ಲ. ಮೂರನ್ನೂ ಒಂದೇ ಮುಖ ಇಟ್ಟುಕೊಂಡು ಹೇಳಿದ.

ಮಿರಗದ, ಅಂದರೆ ಮೃಗಶಿರೆಯ, ಮಳೆ ಮೊದಲ ಸಲ ಜೋರಾಗಿ ಹೊಡೆದ ಮಾರನೆಯ ಬೆಳಿಗ್ಗೆ ವೈನಿ ಅಂಗಡಿಗೇ ಬಂದರು. "ಅಣ್ಣಾರ, ಬರ್ರಿ ಲಗೂನ. ಮರಳ ಅಳ್ಳಾಡಾಕತ್ತೈತಿ."

ಓಡಿದೆ. ಮಡಕೆಯೊಳಗೆ ಒದ್ದೆ ಮರಳು ಬಾಯಿ ಬಿಟ್ಟಿತ್ತು. ಒಂದು ಮೂತಿ, ಪೆನ್ಸಿಲ್ಲಿನ ತುದಿಯಷ್ಟು, ಹೊರಗೆ ಬಂದು ಗಾಳಿ ಮೂಸಿತು. ಆಮೇಲೆ ಒಂದು ಕಾಲು. ನಾನು ಎಣಿಸತೊಡಗಿದೆ. ಮಧ್ಯಾಹ್ನದ ಹೊತ್ತಿಗೆ ಐದು ಮರಿ ಬಂದಿದ್ದವು. ಅಂಗೈಯೊಳಗೆ ಎರಡು ಕೂಡುವಷ್ಟು ಸಣ್ಣವು.

"ಮೆಹಂದಿ ಹಸಿರು," ಎಂದ ಆತ, ಒಂದನ್ನು ಬಿಸಿಲಿಗೆ ಹಿಡಿದು. "ಹೊಟ್ಟಿ ಹಾಲಬಿಳಿ. ಛಲೋ ಜೋಡಿ."

ಮರುದಿನದವರೆಗೂ ಕಾದೆವು. ಐದೇ. ಉಳಿದ ಆರು ಅಲುಗಲಿಲ್ಲ.

ಆರು. ನಾನು ಹೊರಳಿಸಿದ್ದೂ ಆರು. ಈ ಲೆಕ್ಕಕ್ಕೆ ಸಾಲಿ ಕಲಿತಿರಬೇಕಾಗಿಲ್ಲ.

ಐದನ್ನು ಒದ್ದೆ ಚೀಲ ಹಾಸಿದ ಬುಟ್ಟಿಯಲ್ಲಿಟ್ಟುಕೊಂಡು ಜೊಂಡಿನ ಮೂಲೆಗೆ ಹೋದೆವು. ನೀರಿಗೆ ಎಸೆಯಬಾರದು, ದಂಡೆಯ ಮೇಲಿಟ್ಟು ತಾವೇ ನಡೆದು ಹೋಗುವುದಕ್ಕೆ ಬಿಡಬೇಕು ಎಂದು ಗಾರ್ಡ್ ಹೇಳಿದ್ದನಂತೆ. ಆತ ಕುಕ್ಕರಗಾಲಲ್ಲಿ ಕೂತು ಒಂದೊಂದನ್ನೇ ಇಟ್ಟ. ಮೊದಲನೆಯದು ನೆಟ್ಟಗೆ ನೀರಿಗೆ ಹೋಯಿತು. ಎರಡನೆಯದು ಹಿಂದಕ್ಕೆ ತಿರುಗಿ ರಬಕವಿಯ ಕಡೆಗೆ ಹೊರಟಿತು. "ಅದು ನಿನ್ನಂಥಾದ್ದು" ಎಂದ ಆತ.

ನಾನು ಟಾವೆಲ್ ಹಿಡಿದು ಕಾಗೆ ಓಡಿಸುವ ಕೆಲಸದಲ್ಲಿದ್ದೆ. ಹೇಳಲು ಇದೇ ಸಮಯ ಅನ್ನಿಸಿತು. "ಏ ಮಾಲಕ, ಒಂದ ಮಾತ ಹೇಳೂದೈತಿ" ಎಂದೆ. ಆತ ತಲೆ ಎತ್ತಿ ನನ್ನನ್ನೇ ನೋಡಿದ. ಆ ನೋಟವನ್ನು ಹೇಗೆ ಬರೆಯಲಿ? ನೂಲು ಒಣಗಿತೋ ಇಲ್ಲವೋ ಎಂದು ನೋಡುವ ಹಾಗಿತ್ತು. ಅಷ್ಟರಲ್ಲಿ ಒಂದು ಹದ್ದು ಇಳಿಯಿತು. ನಾನು ಟಾವೆಲ್ ಬೀಸುತ್ತ, ಬಾಯಿಗೆ ಬಂದದ್ದು ಬೈಯುತ್ತ, ಕೆಸರಿನಲ್ಲಿ ಓಡಿ, ಜಾರಿ, ಕುಂಡಿಯ ಮೇಲೆ ಬಿದ್ದೆ. ಹದ್ದು ಹೋಯಿತು. ಐದೂ ಮರಿ ನೀರಿಗೆ ಸೇರಿದವು. ಐದನೆಯದು ಮುಳುಗಿದ ಜಾಗದಲ್ಲಿ ಒಂದು ಸಣ್ಣ ಗುಳ್ಳೆ ಎದ್ದು ಒಡೆಯಿತು.

"ಏನೋ ಹೇಳಾವ ಇದ್ದೆಲ್ಲ?" ಎಂದ, ನಾನು ಧೋತರ ಹಿಂಡುವಾಗ.

"ಏನಿಲ್ಲ. ಹಿಂದಿನ ಗಾಲಿ ಗಾಳಿ ಹೋದಂಗ ಕಾಣತೈತಿ."

ಆತ ಹಿಂದಿನ ಗಾಲಿಯನ್ನು ಒತ್ತಿ ನೋಡಿದ. ಕಲ್ಲಿನಂತೆ ಗಟ್ಟಿಯಿತ್ತು. "ಹೂಂ," ಎಂದ, "ಒಣಗಲಿ ತಡಿ." ನನ್ನ ಧೋತರಕ್ಕೆ ಹೇಳಿದ ಎಂದು ತಿಳಿದೆ.

ಹದಿನೈದು ದಿನ ಕಾದು ಉಳಿದ ಆರು ತತ್ತಿಯನ್ನು ಆತನೊಬ್ಬನೇ ಹೋಗಿ ನದಿಯ ದಂಡೆಯಲ್ಲಿ ಹೂತು ಬಂದ. ನನ್ನನ್ನು ಕರೆಯಲಿಲ್ಲ. ಅದಕ್ಕೆ ನಾನು ನೂರು ಅರ್ಥ ಮಾಡಿಕೊಂಡೆ. ಆಮೇಲೆ ಉಸಿರಿನ ತ್ರಾಸು ಏರಿ, ದವಾಖಾನೆಗೆ ಬಿಟ್ಟರೆ ಆತ ಹೆಚ್ಚು ಹೊರಗೆ ಬರಲಿಲ್ಲ. ನಾನು ದಿನಾ ಹೋಗಿ ಕೂಡುತ್ತಿದ್ದೆ, ಊರಿನ ಸುಳ್ಳೆಲ್ಲ ಹೇಳುತ್ತಿದ್ದೆ, ಆ ಒಂದನ್ನು ಬಿಟ್ಟು.

ಸಂಕ್ರಾಂತಿಯ ಮುಂದೆ ಹೋದಾಗ ಆತನನ್ನು ಮೀಯಿಸಿ ಮಲಗಿಸಿದ್ದರು. ಬಲಗೈ ಎದೆಯ ಮೇಲಿತ್ತು. ನೋಡಿದರೆ ನನಗೆ ಗುರುತೇ ಹತ್ತಲಿಲ್ಲ. ಕೆಲಸ ಬಿಟ್ಟ ಮೇಲೂ ಉಗುರಿನ ಸಂದಿಯಲ್ಲಿ ಉಳಿದಿದ್ದ ಬಣ್ಣ ಹೋಗಿ, ಆ ಕೈ ಮೊದಲ ಸಲ ಕೈಯ ಬಣ್ಣದ್ದಾಗಿತ್ತು.

ಮೊನ್ನೆ, ಈ ಬೇಸಗೆಯಲ್ಲಿ, ವೈನಿ ಕರೆದರು. ಬಣ್ಣದ ಪುಡಿಯ ಒಂದು ಹಳೆಯ ಡಬ್ಬಿ ಮುಂದಿಟ್ಟು, "ಇದು ನಿಮ್ಮದಂತ. ತತ್ತಿ ಬಗ್ಗೆ ನೀವು ಕೇಳಿದ್ರ ಕೊಡು ಅಂದಿದ್ರು. ನೀವು ಕೇಳಲಿಲ್ಲ. ನಾನಾ ಕೊಟ್ಟೆ" ಎಂದರು.

ಒಳಗೆ ಅರಳೆಯ ಮೇಲೆ ಐದು ಸಣ್ಣ ಪೊಟ್ಟಣ. ಬಿಳಿ ಬಟ್ಟೆಯ ತುಂಡು, ಪ್ರತಿಯೊಂದಕ್ಕೂ ದಾರದ ಗಂಟು. ಎರಡಕ್ಕೆ ಸಾದಾ ಗಂಟು. ಮೂರಕ್ಕೆ ಬಲು ಬಿಗಿಯಾದ, ಸೊಕ್ಕಿನ ಗಂಟು.

ತುದಿ ಹಿಡಿದು ಎಳೆದೆ. ಸರ್ರನೆ ಬಿಚ್ಚಿಕೊಂಡಿತು. ಒಳಗೆ ಆಮೆಯ ತತ್ತಿಯ ಚಿಪ್ಪು, ಮರಿ ಒಡೆದುಕೊಂಡು ಹೋದದ್ದು. ಒಂದು ಚೂರಿನ ಮೇಲೆ ಮಾಸಿದ ಕೆಂಪು ಬೊಟ್ಟು. ಇನ್ನೊಂದು ಚೂರಿನ ಮೇಲೆ ಗ್ರೀಸಿನ ಕರಿ ಹೆಬ್ಬೆಟ್ಟು, ಗೆರೆ ಗೆರೆ ಎಣಿಸಬಹುದಾದಷ್ಟು ಸ್ಪಷ್ಟ. ಎರಡನೆಯದರಲ್ಲೂ ಇತ್ತು. ಮೂರನೆಯದರಲ್ಲೂ.

"ನನ್ನ ಕೈ," ಎಂದೆ.

"ಮತ್ತ್ಯಾರ ಕೈ? ಅವತ್ತ ನದಿಯಿಂದ ಬಂದಾವ್ರ ಮರಳ ಸರದದ್ದು ನೋಡಿದ್ರು. ತಗದ ನೋಡಿದ್ರ ಆರ ತತ್ತಿ ಮ್ಯಾಲ ಕರಿ ಬೆರಳ. ಒಂದೊಂದಾ ಎತ್ತಿ ಮತ್ತ ಬೊಟ್ಟ ಮ್ಯಾಲ ಮಾಡಿ ಇಟ್ರು. ನನಗ 'ಇಲ್ಲೇ ಕುಂದರು, ಅಂವಾ ಮತ್ತ ಬರ್ತಾನ, ಮುಟ್ಟಾಕ ಕೊಡಬ್ಯಾಡ' ಅಂದ್ರು. ಆಮ್ಯಾಲ 'ಅವಂಗ ಒಂದ ಕಪ್ಪ ಚಾ ಕುಡಿಸಿ ಬರ್ತೇನಿ' ಅಂತ ಹೋದ್ರು."

ಚಹಾ! ನಾನು ಡಬ್ಬಿ ಹಿಡಿದುಕೊಂಡು ಕಟ್ಟೆಯ ಮೇಲೆ ಕೂತುಬಿಟ್ಟೆ. ನಾನು ಮುಟ್ಟಿದ ಆರರಲ್ಲಿ ಮೂರು ಬದುಕಿದ್ದವು. ನಾನು ಮುಟ್ಟದ ಐದರಲ್ಲಿ ಬದುಕಿದ್ದು ಎರಡೇ. ಹಾಗಾದರೆ ಕೊಂದದ್ದು ನಾನಲ್ಲವೇ? ಅಥವಾ ನಾನು ಮುಟ್ಟದಿದ್ದರೆ ಆರೂ ಬದುಕುತ್ತಿದ್ದವೇ? ಇದನ್ನು ತೋರಿಸಲೆಂದೇ ಕಟ್ಟಿಟ್ಟಿದ್ದನೇ, ಇಲ್ಲ ಒಂಬತ್ತು ತಿಂಗಳು ನನ್ನನ್ನು ಬಾಣಲೆಯಲ್ಲಿಟ್ಟು ಹುರಿದನೇ? ಕ್ಷಮಿಸಿದನೋ, ಆಟ ಆಡಿದನೋ? ಇಷ್ಟು ಜನರನ್ನು ಮಂಗ ಮಾಡಿದ ನನಗೆ ಮಂಗ ಆದದ್ದು ಗೊತ್ತಾಗದೆ ಹೋಯಿತಲ್ಲ.

"ವೈನಿ, ನನಗ ಬಯ್ಯಬೇಕಿತ್ತಲ್ಲ ಅಂವಾ?"

"ನಾನೂ ಅದನ್ನಾ ಅಂದೆ. 'ಅಂವಾ ತಾನಾ ಹೇಳ್ತಾನ, ಒಣಗಲಿ ತಡಿ' ಅಂದ್ರು. ದವಾಖಾನ್ಯಾಗೂ ಕೇಳಿದ್ರು, 'ಅಂವಾ ಏನರೆ ಅಂದ್ನೇನ?' ಅಂತ."

ಹಿತ್ತಲಲ್ಲಿ ಆ ಮಡಕೆ ಇನ್ನೂ ಇತ್ತು, ಮರಳು ತುಂಬಿದ್ದು ಹಾಗೇ. ಗುಬ್ಬಿಯೊಂದು ಅದರಲ್ಲಿ ಹೊರಳಾಡಿ ಮೈ ಕೊಡವುತ್ತಿತ್ತು.

"ಕರಿ ಬೆರಳ ನೋಡಿ ನಕ್ಕಿದ್ರು ಅವತ್ತ," ಎಂದರು ವೈನಿ.

"ಯಾರು? ಅಂವಾ? ನಕ್ಕಿದ್ನಾ?"

"ಹೂಂನ್ರಿ. ಮಡಕಿ ಮುಂದ ಕುಂತು."

"ಹೆಂಗ ನಕ್ಕಾ? ತೋರಸ್ರಿ ವೈನಿ. ನಾ ಒಮ್ಮೆರೆ ನೋಡಿಲ್ಲ."

ವೈನಿ ಸೆರಗು ಸರಿ ಮಾಡಿಕೊಂಡು ಮಡಕೆಯ ಮುಂದೆ ಆತನಂತೆ ಕುಕ್ಕರಗಾಲಲ್ಲಿ ಕೂತರು. "ಸಪ್ಪಳಿಲ್ಲ. ಹಿಂಗ ತಲಿ ಕೆಳಗ ಹಾಕಿ, ಬರೇ ಭುಜ..." ಎಂದು ತಲೆ ಬಾಗಿಸಿದರು. ಭುಜ ಅಲುಗಿದವು. ಒಮ್ಮೆ, ಎರಡು ಸಲ. ಆಮೇಲೆ ಅಲುಗುತ್ತಲೇ ಇದ್ದವು, ತಲೆ ಮೇಲೆ ಬರಲಿಲ್ಲ. ತೋರಿಸುವುದು ಯಾವಾಗ ಮುಗಿಯಿತೋ, ಯಾವಾಗ ಬೇರೆಯದು ಸುರುವಾಯಿತೋ ನನಗೆ ತಿಳಿಯಲಿಲ್ಲ.

"ನಾನಾ ಹೊರಳಿಸಿದ್ದು," ಎಂದೆ, ಆ ಬಾಗಿದ ತಲೆಗೆ.